ಪ್ರಜೆ ಎಂದರೆ ಯಾರು?

ದೇವಾಲಯಗಳ ಉತ್ಸವದ ಆಮಂತ್ರಣಪತ್ರಿಕೆಗಳಲ್ಲಿ, ವಿಶೇಷವಾಗಿ ನಮ್ಮ ಕರಾವಳಿಯ ಕಡೆಯಲ್ಲಿ, ‘ಊರ ಹತ್ತು ಸಮಸ್ತರು’ ಎಂಬ ಒಕ್ಕಣೆ ಇರುವುದು ವಾಚಕರಿಗೆಲ್ಲ ವಿದಿತವೇ ಆಗಿದೆ. ಅರ್ಚಕರು, ಆಡಳಿತ ಮೊಕ್ತೇಸರರು ಮೊದಲಾದವರ ಹೆಸರುಗಳಾದ ಬಳಿಕ ಕೊನೆಯಲ್ಲಿ ಈ ಮಾತು ಬರುತ್ತದೆ. ಹೆಸರಿಸಿ ಹೇಳಲಾಗದಷ್ಟು ಜನರನ್ನು ಒಂದೇ ಮಾತಿನಲ್ಲಿ ಸೇರಿಸಿಕೊಳ್ಳುವ ಸೊಗಸಾದ ಪದ್ಧತಿಯಿದು. ಆದರೆ ಈ ‘ಸಮಸ್ತರು’ ಎಂಬಲ್ಲಿ ಯಾರು ಯಾರು ಸೇರುತ್ತಾರೆ ಎಂದು ನಾವು ಎಂದೂ ಎಣಿಸಿ ನೋಡಿರಲಿಲ್ಲ. ಎಣಿಸಿ ನೋಡುವ ಪ್ರಸಂಗವೊಂದು ಕೆಲವು ವರ್ಷಗಳ ಹಿಂದೆ ಒದಗಿತು.

ಉತ್ಸವದ ಮರುದಿನ ಪ್ರಾತಃಕಾಲ. ರಥಬೀದಿಯ ಎರಡು ಬದಿಗಳಲ್ಲಿಯೂ ಹಿಂದಿನ ರಾತ್ರಿಯ ಪ್ರಸಾದದ ಎಲೆ ದೊನ್ನೆಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ವಯಸ್ಸಾದ ಪೌರಕಾರ್ಮಿಕ ಮಹಿಳೆಯೊಬ್ಬರು ಒಂದು ತುದಿಯಿಂದ ಗುಡಿಸುತ್ತ ಬರುತ್ತಿದ್ದರು. ಸ್ನಾನ ಮುಗಿಸಿ ದೇವದರ್ಶನಕ್ಕೆ ಹೊರಟಿದ್ದ ಗೃಹಸ್ಥರೊಬ್ಬರು ನಿಂತು, “ಏನಮ್ಮಾ, ಇನ್ನೂ ಗುಡಿಸಿ ಆಗಲಿಲ್ಲವೇ? ನಾವು ತೆರಿಗೆ ಕಟ್ಟುವುದು ಮತ್ತೆ ಯಾತಕ್ಕೆ?” ಎಂದರು. ಆಕೆ ಪೊರಕೆಯನ್ನು ಕೆಳಗಿಡದೆಯೇ, “ನಾನೂ ಈ ಊರಿನವಳೇ ಸ್ವಾಮಿ. ನಿನ್ನೆ ತೇರಿಗೆ ನಾನೂ ಕೈ ಮುಗಿದಿದ್ದೇನೆ. ಉಂಡ ಎಲೆಯನ್ನು ಆ ತೊಟ್ಟಿಗೆ ಹಾಕಿದ್ದರೆ ಆಗುತ್ತಿತ್ತಲ್ಲ” ಎಂದರು. ಗೃಹಸ್ಥರು ಉತ್ತರ ಕೊಡದೆ ನಡೆದರು. ನಾವೂ ಉತ್ತರವಿಲ್ಲದೆ ನಿಂತೆವು. ಏಕೆಂದರೆ ಅಲ್ಲಿ ಬಿದ್ದಿದ್ದ ಎಲೆಗಳಲ್ಲಿ ನಮ್ಮದೂ ಒಂದಿತ್ತು.

‘ನಾನೂ ಈ ಊರಿನವಳೇ’ ಎಂಬ ಆ ಮಾತನ್ನು ನಾವು ಅನೇಕ ಸಲ ಮನನ ಮಾಡಿದ್ದೇವೆ. ಒಂದೇ ಊರಿನಲ್ಲಿ, ಒಂದೇ ದೇಶದಲ್ಲಿ ನಮ್ಮೊಡನೆ ಬಾಳುವವರನ್ನು ಕರೆಯಲು ನಮ್ಮ ಭಾಷೆಯಲ್ಲಿ ಪದಗಳಿಗೆ ಕೊರತೆಯಿಲ್ಲ. ನಾಗರಿಕರು, ಪೌರರು, ಪ್ರಜೆಗಳು, ದೇಶಬಾಂಧವರು ಎಂದು ಸಭೆಗಳಲ್ಲಿ ಸಂಬೋಧಿಸುತ್ತೇವೆ. ಪದವನ್ನು ಉಚ್ಚರಿಸುವವನು ಅದರ ಅರ್ಥಕ್ಕೆ ಬದ್ಧನಾಗಬೇಕೆಂಬುದು ಹಿರಿಯರ ಮತ. ಆದ್ದರಿಂದ ಈ ಪದಗಳ ಅರ್ಥವನ್ನೂ, ಅವು ನಮ್ಮಿಂದ ಏನನ್ನು ಅಪೇಕ್ಷಿಸುತ್ತವೆ ಎಂಬುದನ್ನೂ ಸ್ವಲ್ಪಮಟ್ಟಿಗೆ ವಿಚಾರಿಸೋಣ.

ಮೊದಲನೆಯದಾಗಿ ‘ನಾಗರಿಕ’ ಎಂಬ ಪದ. ನಗರದಲ್ಲಿ ಇರುವವನು ನಾಗರಿಕ ಎಂಬುದು ಸ್ಪಷ್ಟ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದು ನಗರದ ಮೇಲ್ವಿಚಾರಣೆ ಮಾಡುವ ಅಧಿಕಾರಿಯ ಹೆಸರು. ವಾತ್ಸ್ಯಾಯನನಲ್ಲಿ ಇದು ಕಲಾನಿಪುಣನೂ ಭೋಗಪ್ರಿಯನೂ ಆದ ನಗರವಾಸಿಯನ್ನು ಸೂಚಿಸುತ್ತದೆ. ಕಾಳಿದಾಸನ ಶಾಕುಂತಲದ ಆರನೆಯ ಅಂಕದಲ್ಲಿಯೂ ಒಬ್ಬ ನಾಗರಿಕನಿದ್ದಾನೆ. ಆತನು ರಾಜನ ಮೈದುನ, ನಗರದ ರಕ್ಷಣಾಧಿಕಾರಿ. ರಾಜಮುದ್ರೆಯ ಉಂಗುರದೊಡನೆ ಸಿಕ್ಕಿಬಿದ್ದ ಬಡ ಬೆಸ್ತನನ್ನು ಭಟರು ಹೊಡೆಯುತ್ತಾರೆ. ತಾನು ಮೀನು ಹಿಡಿದು ಕುಟುಂಬವನ್ನು ಸಾಕುವವನೆಂದು ಬೆಸ್ತನು ಹೇಳಿದಾಗ, ‘ಬಹಳ ಪವಿತ್ರವಾದ ಜೀವನೋಪಾಯ’ ಎಂಬ ಅರ್ಥ ಬರುವಂತೆ ನಾಗರಿಕನು ಪರಿಹಾಸ ಮಾಡುತ್ತಾನೆ. ಬೆಸ್ತನಾದರೋ ತನಗೆ ಹುಟ್ಟಿನೊಡನೆ ಬಂದ ಕೆಲಸವನ್ನು ತಾನು ಬಿಡತಕ್ಕದ್ದಲ್ಲವೆಂದು ನಿರ್ಭಯನಾಗಿ ಉತ್ತರ ಕೊಡುತ್ತಾನೆ. ಕೊನೆಗೆ ರಾಜನು ಉಂಗುರವನ್ನು ಗುರುತಿಸಿ ಬೆಸ್ತನಿಗೆ ಧನವನ್ನು ಕೊಟ್ಟಾಗ ಅದೇ ನಾಗರಿಕನು ಅವನನ್ನು ಪ್ರಿಯಮಿತ್ರನೆಂದು ಕರೆಯುತ್ತಾನೆ! ಮಹಾಕವಿಯು ನಗಿಸುವುದಕ್ಕಾಗಿ ಬರೆದ ಈ ಸನ್ನಿವೇಶದಲ್ಲಿ ನಮ್ಮ ಮುಖವೂ ಕಾಣುವುದಿಲ್ಲವೇ? ಕೆಲಸವನ್ನು ನೋಡಿ ಹಳಿಯುವುದು, ಹಣವನ್ನು ನೋಡಿ ಮಿತ್ರನೆನ್ನುವುದು ಇಂದಿಗೂ ನಿಂತಿಲ್ಲ.

ಈ ಪದದಲ್ಲಿ ಇನ್ನೂ ಒಂದು ತೊಡಕಿದೆ. ನಾಗರಿಕತೆ ಎಂದರೆ ಸಂಸ್ಕಾರ, ಅನಾಗರಿಕ ಎಂದರೆ ಸಂಸ್ಕಾರವಿಲ್ಲದವನು ಎಂಬ ರೂಢಿಯುಂಟಾಗಿದೆ. ಆಗ ಹೊಲದಲ್ಲಿ ಉಳುವವನು, ಕಾಡಿನಲ್ಲಿ ವಾಸಿಸುವವನು ಅರ್ಧ ಮಾತ್ರ ನಾಗರಿಕನೆಂಬ ಭಾವನೆಯು ತಿಳಿಯದೆಯೇ ಮನಸ್ಸಿನೊಳಗೆ ನುಸುಳುತ್ತದೆ. ನಮ್ಮ ಸಂವಿಧಾನದ ದೃಷ್ಟಿಯಲ್ಲಿ ಹಳ್ಳಿಯವನೂ ನಗರದವನೂ ಸಮಾನವಾಗಿ ನಾಗರಿಕರು. ಆದರೆ ರೂಢಿಯು ಶಾಸನದಷ್ಟು ಬೇಗ ಬದಲಾಗುವುದಿಲ್ಲ.

‘ಪೌರ’ ಎಂಬ ಪದವೂ ಇದೇ ಬಗೆಯದು. ಪುರದಲ್ಲಿರುವವನು ಪೌರ. ಆದಿಕಾವ್ಯದಲ್ಲಿ ಪೌರರಿಗೂ ಜಾನಪದರಿಗೂ, ಅಂದರೆ ಪಟ್ಟಣದವರಿಗೂ ನಾಡಿನವರಿಗೂ, ದೊಡ್ಡ ಸ್ಥಾನವಿದೆ. ಶ್ರೀರಾಮನನ್ನು ಯುವರಾಜನನ್ನಾಗಿ ಮಾಡುವ ಮೊದಲು ದಶರಥನು ಅವರ ಅಭಿಪ್ರಾಯವನ್ನು ಕೇಳುತ್ತಾನೆ. ರಾಮನು ವನಕ್ಕೆ ಹೊರಟಾಗ ಪೌರರು ತಮಸಾತೀರದವರೆಗೂ ಹಿಂಬಾಲಿಸುತ್ತಾರೆ. ಇಂದು ಪೌರತ್ವ, ಪೌರನೀತಿ, ಪೌರಾಡಳಿತ ಎಂಬ ಗಂಭೀರ ಪದಗಳಲ್ಲಿ ಇದು ಉಳಿದಿದೆ. ಆದರೆ ದಿನನಿತ್ಯವೂ ನಮ್ಮ ಕಿವಿಗೆ ಬೀಳುವುದು ಪೌರಕಾರ್ಮಿಕ ಎಂಬ ಪದದಲ್ಲಿ. ಹಿಂದೆ ಜಾಡಮಾಲಿ ಮೊದಲಾದ ಹೆಸರುಗಳಿಂದ ಕರೆಯಲ್ಪಡುತ್ತಿದ್ದವರಿಗೆ ನಮ್ಮ ರಾಜ್ಯದಲ್ಲಿ ಈ ಗೌರವದ ಹೆಸರು ಬಂದಿದೆ. ಸಪ್ಟೆಂಬರ್ 23ನ್ನು ಪೌರಕಾರ್ಮಿಕರ ದಿನವೆಂದು ಆಚರಿಸುವ ಪದ್ಧತಿಯೂ ಇದೆ. ಪುರದ ಹೆಸರನ್ನು ತಮ್ಮ ಕೆಲಸದ ಹೆಸರಿನಲ್ಲಿಯೇ ಹೊತ್ತವರಿಗೆ ಪುರದ ಉಳಿದ ಜನರು ಎಷ್ಟು ಬಾಧ್ಯರು ಎಂಬುದು ವಿಚಾರಾರ್ಹ.

ಇನ್ನು ಮೂರನೆಯದು ‘ಪ್ರಜೆ’. ಈ ಲೇಖನದ ಮುಖ್ಯ ವಿಷಯವೇ ಇದು. ‘ಪ್ರ’ ಎಂಬ ಉಪಸರ್ಗವೂ ಹುಟ್ಟು ಎಂಬರ್ಥದ ಧಾತುವೂ ಸೇರಿ ಆದ ಈ ಪದದ ಮೂಲಾರ್ಥ ಸಂತಾನ ಎಂದು. ನಗರವೂ ಇಲ್ಲ, ಪುರವೂ ಇಲ್ಲ, ಹುಟ್ಟಿದವರೆಲ್ಲರೂ ಪ್ರಜೆಗಳೇ. ಸೃಷ್ಟಿಗೆ ಒಡೆಯನಾದವನನ್ನು ಪ್ರಜಾಪತಿಯೆಂದು ಕರೆದದ್ದು ಈ ಅರ್ಥದಲ್ಲಿಯೇ. ರಘುವಂಶದ ಮೊದಲನೆಯ ಸರ್ಗದಲ್ಲಿ ಕವಿಯು ಈ ಪದವನ್ನು ಎರಡು ಅರ್ಥಗಳಲ್ಲಿ ಬಳಸಿರುವುದು ಗಮನಾರ್ಹ. ರಘುಕುಲದ ಅರಸರು ಸಂತಾನಕ್ಕಾಗಿ ಮಾತ್ರ ಗೃಹಸ್ಥರಾಗುತ್ತಿದ್ದರು ಎನ್ನುವಲ್ಲಿ ಅದು ಮಕ್ಕಳು ಎಂಬರ್ಥವನ್ನು ಕೊಡುತ್ತದೆ. ಮುಂದೆ ದಿಲೀಪನ ವರ್ಣನೆಯಲ್ಲಿ ಅದೇ ಪದವು ರಾಜ್ಯದ ಜನ ಎಂಬರ್ಥವನ್ನು ಕೊಡುತ್ತದೆ. ಪ್ರಜೆಗಳಿಗೆ ಶಿಕ್ಷಣವನ್ನು ಕೊಟ್ಟು, ಅವರನ್ನು ರಕ್ಷಿಸಿ, ಪೋಷಿಸಿದ್ದರಿಂದ ದಿಲೀಪನೇ ಅವರ ತಂದೆ, ಹೆತ್ತವರು ಕೇವಲ ಜನ್ಮಕ್ಕೆ ಕಾರಣರು ಎಂಬುದು ಅಲ್ಲಿನ ತಾತ್ಪರ್ಯ. ಪ್ರಜೆಗಳ ಅಭ್ಯುದಯಕ್ಕಾಗಿಯೇ ಅವನು ಅವರಿಂದ ತೆರಿಗೆಯನ್ನು ತೆಗೆದುಕೊಳ್ಳುತ್ತಿದ್ದನೆಂದೂ, ಸೂರ್ಯನು ಸಾವಿರ ಪಾಲಾಗಿ ಮಳೆಗರೆಯುವುದಕ್ಕಾಗಿ ನೀರನ್ನು ಹೀರುವಂತೆ ಅದು ಇತ್ತೆಂದೂ ಕವಿಯು ಹೇಳುತ್ತಾನೆ.

ಕಾವ್ಯದ ಮಾತು ಹಾಗಿರಲಿ, ಕಲ್ಲಿನ ಮೇಲಿನ ಸಾಕ್ಷ್ಯವೂ ಇದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕ ಚಕ್ರವರ್ತಿಯು ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಕೆತ್ತಿಸಿದ ಪ್ರತ್ಯೇಕ ಶಾಸನಗಳಲ್ಲಿ, ಮನುಷ್ಯರೆಲ್ಲರೂ ತನ್ನ ಮಕ್ಕಳೆಂದೂ, ಮಕ್ಕಳಿಗೆ ಇಹಪರಗಳ ಹಿತಸುಖಗಳನ್ನು ಬಯಸುವಂತೆ ಎಲ್ಲರಿಗೂ ಬಯಸುವೆನೆಂದೂ ಸಾರಿದ್ದಾನೆ. ಅಲ್ಲಿ ಮಕ್ಕಳು ಎಂಬುದಕ್ಕೆ ಇರುವ ಪ್ರಾಕೃತ ಶಬ್ದವು ನಮ್ಮ ‘ಪ್ರಜೆ’ಯ ರೂಪವೇ ಆಗಿದೆ. ಈ ಪ್ರತ್ಯೇಕ ಶಾಸನಗಳ ಪಾಠವುಳ್ಳ ಶಿಲೆಯೊಂದು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, 1980ರ ದಶಕದಲ್ಲಿ ಬೆಳಕಿಗೆ ಬಂದುದು ಕನ್ನಡಿಗರಿಗೆ ಅಭಿಮಾನದ ಸಂಗತಿ.

ರಾಜನು ತಂದೆ, ಜನರು ಮಕ್ಕಳು ಎಂಬ ಈ ಭಾವನೆ ರಮಣೀಯವಾದುದು. ರಾಜನ ಕರ್ತವ್ಯವನ್ನು ಇದಕ್ಕಿಂತ ಉನ್ನತವಾಗಿ ಹೇಳುವುದು ಕಷ್ಟ. ಆದರೆ ಇದರಲ್ಲಿ ಒಂದು ನ್ಯೂನತೆಯೂ ಇದೆ. ತಂದೆಯು ಒಳ್ಳೆಯವನಾದರೆ ಮಕ್ಕಳಿಗೆ ಸುಖ, ಅಲ್ಲದಿದ್ದರೆ ದುಃಖ. ಮಕ್ಕಳ ಕೈಯಲ್ಲಿ ಏನೂ ಇಲ್ಲ. ಎಷ್ಟು ವಯಸ್ಸಾದರೂ ಪ್ರಜೆಯು ಮಗುವಾಗಿಯೇ ಉಳಿಯುತ್ತಾನೆ. ಮನೆಯ ಹೊಣೆಯನ್ನು ಎಂದೂ ಹೊರದ ಮಗನಿಗೆ ಬೇಡುವುದು ಗೊತ್ತು, ದೂರುವುದು ಗೊತ್ತು, ಮಾಡುವುದು ಮಾತ್ರ ಗೊತ್ತಿರುವುದಿಲ್ಲ.

ಈ ಮಗುವಿಗೆ ಮಾತು ಬಂದ ಕಥೆಯನ್ನು ನಮ್ಮ ನಾಡಿನ ಇತಿಹಾಸದಲ್ಲಿಯೇ ಕಾಣಬಹುದು. ಹತ್ತನೆಯ ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು ದಸರೆಯ ಸಂದರ್ಭದಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯು ಮೊದಲ ಬಾರಿಗೆ ಸೇರಿತು. ಬಂದಿದ್ದವರು 144 ಪ್ರತಿನಿಧಿಗಳು. ಅವರು ಜಮೀನುದಾರರು, ವರ್ತಕರು ಮೊದಲಾದ ಗಣ್ಯರು. ಶಾಸನ ಮಾಡುವ ಅಧಿಕಾರ ಅವರಿಗಿರಲಿಲ್ಲ. ಸರ್ಕಾರದ ವರದಿಯನ್ನು ಕೇಳಿ ತಮ್ಮ ಸೀಮೆಯ ಕಷ್ಟಸುಖಗಳನ್ನು ಅರಿಕೆ ಮಾಡಿಕೊಳ್ಳುವುದಷ್ಟೇ ಅವರ ಕಾರ್ಯ. ಆದರೂ ಅರಸನ ಉತ್ಸವವನ್ನು ನೋಡಲು ಬರುತ್ತಿದ್ದ ಪ್ರಜೆಯು ಅರಸನ ಆಡಳಿತದ ವಿಷಯವಾಗಿ ಮಾತನಾಡಲೂ ಬಂದುದು ಅಲ್ಪ ಸಂಗತಿಯಲ್ಲ. ಅರಿಕೆಯಿಂದ ಆರಂಭವಾದುದು ಕ್ರಮೇಣ ಹಕ್ಕೊತ್ತಾಯವಾಗಿ ಬೆಳೆದು, 1947ರ ಜವಾಬ್ದಾರಿ ಸರ್ಕಾರದ ಚಳವಳಿಯಲ್ಲಿ ಪರ್ಯವಸಾನಗೊಂಡಿತು. 1950ರ ಜನವರಿ 26ರಂದು ಸಂವಿಧಾನವು ಜಾರಿಗೆ ಬಂದಿತು. ಆ ಸಂವಿಧಾನವು ಯಾವ ಅರಸನ ಹೆಸರಿನಲ್ಲಿಯೂ ಅಲ್ಲ, ಭಾರತದ ಜನತೆಯ ಹೆಸರಿನಲ್ಲಿಯೇ ಆರಂಭವಾಗುತ್ತದೆ.

ಹೀಗೆ ಬಂದ ಹೊಸ ವ್ಯವಸ್ಥೆಗೆ ಕನ್ನಡದಲ್ಲಿ ‘ಪ್ರಜಾಪ್ರಭುತ್ವ’ ಎಂಬ ಹೆಸರು ನೆಲೆನಿಂತಿದೆ. ಪ್ರಜೆ, ಪ್ರಭು ಎಂಬ ಪದಗಳು ಹಿಂದೆ ಪರಸ್ಪರ ಎದುರಾಗಿ ನಿಂತಿದ್ದವು. ಒಬ್ಬನು ಆಳುವವನು, ಇನ್ನೊಬ್ಬನು ಆಳಲ್ಪಡುವವನು. ಇಂದು ಎರಡೂ ಒಂದೇ ಸಮಾಸದಲ್ಲಿ ಸೇರಿವೆ. ಇದು ವ್ಯಾಕರಣದಲ್ಲಿ ಸುಲಭ, ಆಚರಣೆಯಲ್ಲಿ ಕಷ್ಟ. ತಂದೆಯ ಸ್ಥಾನದಲ್ಲಿದ್ದ ಅರಸನು ಸಿಂಹಾಸನದಿಂದ ಇಳಿದಿದ್ದಾನೆ. ಹಾಗಾದರೆ ಮಕ್ಕಳು ಅನಾಥರಾದರೇ? ಇಲ್ಲ. ತಂದೆಯ ಕಾಲಾನಂತರ ಮನೆಯಲ್ಲಿ ಏನಾಗುತ್ತದೆಯೋ ಅದೇ ಆಗಬೇಕು. ಆಸ್ತಿಯಲ್ಲಿ ಎಲ್ಲರಿಗೂ ಪಾಲು ಬರುವಂತೆ ಹೊಣೆಯಲ್ಲಿಯೂ ಎಲ್ಲರಿಗೂ ಪಾಲು ಬರುತ್ತದೆ. ತಂದೆಯು ಮಾಡುತ್ತಿದ್ದ ಶಿಕ್ಷಣ, ರಕ್ಷಣ, ಪೋಷಣಗಳನ್ನು ಒಡಹುಟ್ಟಿದವರು ಒಬ್ಬರಿಗೊಬ್ಬರು ಮಾಡತಕ್ಕದ್ದು. ಪ್ರಜೆ ಎಂಬ ಪದದ ಮೂಲಾರ್ಥವನ್ನು ಬಿಡದೆ ಹೊಸ ಕಾಲಕ್ಕೆ ಹೊಂದಿಸಿದರೆ ಸಿಗುವ ಅರ್ಥ ಇದೇ ಎಂದು ನಮಗೆ ತೋರುತ್ತದೆ: ಸಹಪ್ರಜೆ ಎಂದರೆ ಒಡಹುಟ್ಟಿದವರು.

ಆದರೆ ನಾವು ಮಾಡುತ್ತಿರುವುದೇನು? ಕಚೇರಿಯ ಮೇಜಿನ ಮುಂದೆ ಕೈಕಟ್ಟಿ ನಿಲ್ಲುವಾಗ ನಾವು ಹಳೆಯ ಕಾಲದ ಪ್ರಜೆಗಳು. ‘ಸರ್ಕಾರ ಮಾಡಬೇಕು, ಪುರಸಭೆ ಮಾಡಬೇಕು’ ಎಂದು ಮಗುವಿನಂತೆ ಬೇಡುತ್ತೇವೆ. ಪೊರಕೆ ಹಿಡಿದ ಹೆಂಗಸಿನ ಮುಂದೆ ನಿಂತಾಗ ನಾವು ಹಳೆಯ ಕಾಲದ ಪ್ರಭುಗಳು. ‘ತೆರಿಗೆ ಕಟ್ಟುವುದು ಯಾತಕ್ಕೆ’ ಎಂದು ಗದರಿಸುತ್ತೇವೆ. ಎಲ್ಲಿ ಧೈರ್ಯವಾಗಿ ಪ್ರಭುವಿನಂತೆ ಕೇಳಬೇಕೋ ಅಲ್ಲಿ ಬಾಯಿ ಕಟ್ಟುತ್ತದೆ. ಎಲ್ಲಿ ಒಡಹುಟ್ಟಿದವರಂತೆ ಮಾತನಾಡಬೇಕೋ ಅಲ್ಲಿ ದರ್ಪ ಹೊರಬರುತ್ತದೆ. ಪ್ರಜಾಪ್ರಭುತ್ವವನ್ನು ನಾವು ತಲೆಕೆಳಗಾಗಿ ಹಿಡಿದಿದ್ದೇವೆ.

ಇಲ್ಲಿ ಆಸ್ತಿಕರಾದ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ‘ಜೀವರಲ್ಲಿ ಪರಸ್ಪರ ಭೇದವೂ ತಾರತಮ್ಯವೂ ಸತ್ಯವೆಂಬುದು ನಮ್ಮ ಸಿದ್ಧಾಂತ. ಹಾಗಿರುವಾಗ ಎಲ್ಲರೂ ಸಮಾನ ಪ್ರಜೆಗಳು ಎಂಬುದು ಹೇಗೆ ಒಪ್ಪಿಗೆಯಾದೀತು?’ ಎಂದು. ಈ ಪ್ರಶ್ನೆಯನ್ನು ನಾವು ಹಗುರವಾಗಿ ಭಾವಿಸುವುದಿಲ್ಲ. ತಾರತಮ್ಯವು ಜೀವನ ಸ್ವರೂಪಕ್ಕೆ ಸಂಬಂಧಿಸಿದ್ದು. ಅದನ್ನು ಅರಿಯುವವನು ಸರ್ವಜ್ಞನಾದ ಭಗವಂತನು. ಒಬ್ಬನ ಬಟ್ಟೆ, ಉದ್ಯೋಗ, ಮನೆಯ ವಿಸ್ತಾರಗಳನ್ನು ನೋಡಿ ಅವನ ಸ್ವರೂಪಯೋಗ್ಯತೆಯನ್ನು ಬೀದಿಯಲ್ಲಿ ನಿಂತು ಅಳೆಯುವ ಅಧಿಕಾರವನ್ನು ಶಾಸ್ತ್ರವು ನಮಗೆ ಕೊಟ್ಟಿಲ್ಲ. ನಮ್ಮಲ್ಲಿಲ್ಲದ ಅಳತೆಗೋಲನ್ನು ಇದೆಯೆಂದು ಭಾವಿಸಿ ಇತರರನ್ನು ಕೀಳುಗಳೆಯುವುದು ತಾರತಮ್ಯಜ್ಞಾನವಲ್ಲ, ಅಹಂಕಾರ. ಸ್ವತಂತ್ರನು ಒಬ್ಬನೇ, ಉಳಿದವರೆಲ್ಲರೂ ಪರತಂತ್ರರು ಎಂದು ತಿಳಿದವನಿಗೆ ಪ್ರಭುತ್ವದ ಮದ ಎಲ್ಲಿಂದ ಬರಬೇಕು?

ಬೃಹದಾರಣ್ಯಕದ ಕಥೆಯೂ ಇಲ್ಲಿ ಸ್ಮರಣೀಯವಾಗಿದೆ. ದೇವತೆಗಳು, ಮನುಷ್ಯರು, ಅಸುರರು ಎಂಬ ಮೂವರೂ ಪ್ರಜಾಪತಿಯ ಸಂತಾನ. ಮೂವರೂ ಆತನಲ್ಲಿ ಬ್ರಹ್ಮಚರ್ಯದಿಂದಿದ್ದು ಉಪದೇಶವನ್ನು ಬೇಡುತ್ತಾರೆ. ಆತನು ಮೂವರಿಗೂ ‘ದ’ ಎಂಬ ಒಂದೇ ಅಕ್ಷರವನ್ನು ಹೇಳುತ್ತಾನೆ. ದೇವತೆಗಳು ಅದನ್ನು ದಮವೆಂದೂ, ಮನುಷ್ಯರು ದಾನವೆಂದೂ, ಅಸುರರು ದಯೆಯೆಂದೂ ತಮ್ಮ ತಮ್ಮ ಸ್ವಭಾವಕ್ಕೆ ಬೇಕಾದಂತೆ ಗ್ರಹಿಸುತ್ತಾರೆ. ಸ್ವಭಾವಭೇದವಿದ್ದರೂ ತಂದೆಯು ಒಬ್ಬನೇ, ಉಪದೇಶವೂ ಒಂದೇ. ಯಾರನ್ನೂ ಬಾಗಿಲಿನಿಂದ ಹಿಂದಕ್ಕೆ ಕಳುಹಿಸಲಿಲ್ಲ. ಭೇದವು ಬಂಧುತ್ವಕ್ಕೆ ವಿರೋಧಿಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಾಗಿಲ್ಲ.

ಶ್ರೀಮದಾಚಾರ್ಯರು ಗೀತೆಯ ತಾತ್ಪರ್ಯವನ್ನು ವಿವರಿಸುವಾಗ, ನಾನಾ ಜನರ ಸೇವೆಯನ್ನು ರಾಜನಿಗೆ ಸಲ್ಲಿಸತಕ್ಕ ಕರಕ್ಕೆ ಹೋಲಿಸಿದ್ದಾರೆ. ಈ ಹೋಲಿಕೆಯ ಸ್ವಾರಸ್ಯವನ್ನು ಗಮನಿಸಬೇಕು. ಕರವು ದಾನವಲ್ಲ, ಉಪಕಾರವಲ್ಲ, ಕೊಡಲೇಬೇಕಾದ ಬಾಕಿ. ಭಗವಂತನ ರಾಜ್ಯದಲ್ಲಿ ವಾಸಿಸುವವನು ಅಲ್ಲಿನ ಜನರ ಸೇವೆಯ ರೂಪದಲ್ಲಿ ತೆರಿಗೆಯನ್ನು ಸಲ್ಲಿಸತಕ್ಕದ್ದು. ‘ನಾವು ತೆರಿಗೆ ಕಟ್ಟುವುದು ಯಾತಕ್ಕೆ?’ ಎಂದು ಆ ಗೃಹಸ್ಥರು ಕೇಳಿದ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಪುರಸಭೆಗೆ ಕಟ್ಟಿದ ತೆರಿಗೆಯಿಂದ ಒಂದು ಬಾಕಿ ಮಾತ್ರ ತೀರಿತು. ಇನ್ನೊಂದು ಬಾಕಿ ಹಾಗೆಯೇ ಉಳಿದಿದೆ. ಅದನ್ನು ಹಣದಿಂದ ತೀರಿಸಲಾಗದು.

ಈ ಬಾಕಿಯನ್ನು ತೀರಿಸುವ ಬಗೆ ಯಾವುದು? ದಿಲೀಪನ ಮೂರು ಕಾರ್ಯಗಳನ್ನೇ ತೆಗೆದುಕೊಳ್ಳೋಣ. ಪೋಷಣವೆಂದರೆ, ನೆರೆಮನೆಯಲ್ಲಿ ಒಲೆ ಹೊತ್ತಿಲ್ಲವೆಂಬುದು ನಮಗೆ ತಿಳಿಯುವಷ್ಟು ಸಮೀಪದಲ್ಲಿ ಬಾಳುವುದು. ಶಿಕ್ಷಣವೆಂದರೆ, ನಮ್ಮ ಮಕ್ಕಳಿಗೆ ಕಲಿಸಿದ ಅಕ್ಷರವನ್ನು ನಮ್ಮ ಮನೆಗೆಲಸದವರ ಮಕ್ಕಳಿಗೂ ದೊರಕಿಸಿಕೊಡುವುದು. ಅದರೊಡನೆ, ಬೀದಿಯು ಎಲ್ಲರ ಅಂಗಳವೆಂಬ ಪಾಠವನ್ನು ನಮ್ಮ ಮಕ್ಕಳಿಗೆ ಕಲಿಸುವುದು. ರಕ್ಷಣವೆಂದರೆ, ನಮಗಾಗಿ ಕೆಲಸ ಮಾಡುವವರ ಪ್ರಾಣ ಮತ್ತು ಮಾನಗಳನ್ನು ಕಾಯುವುದು. ಒಣ ಪಾಯಿಖಾನೆಗಳನ್ನೂ ಅವುಗಳ ಮಲವನ್ನು ಕೈಯಿಂದ ಎತ್ತಿಸುವುದನ್ನೂ 1993ರ ಕೇಂದ್ರ ಶಾಸನವು ನಿಷೇಧಿಸಿತು. 2013ರ ಶಾಸನವು ರಕ್ಷಣೆಯ ಸಾಧನಗಳಿಲ್ಲದೆ ಮನುಷ್ಯರನ್ನು ಚರಂಡಿಗುಂಡಿಗಳಿಗೆ ಇಳಿಸುವುದನ್ನೂ ನಿಷೇಧಿಸಿದೆ. ಆದರೂ ಗುಂಡಿಗಳಿಗೆ ಇಳಿದು ಉಸಿರುಗಟ್ಟಿ ಸತ್ತವರ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಮನೆಯ ಗುಂಡಿ ಕಟ್ಟಿಕೊಂಡಾಗ ಯಂತ್ರಕ್ಕೆ ಹೇಳಿ ಕಳುಹಿಸದೆ ಕಡಮೆ ಹಣಕ್ಕೆ ಒಬ್ಬ ಮನುಷ್ಯನನ್ನು ಇಳಿಸುವ ಗೃಹಸ್ಥನು ಶಾಸನವನ್ನು ಮಾತ್ರವಲ್ಲ, ಒಡಹುಟ್ಟಿದವನನ್ನೂ ಕೊಲ್ಲುವ ಅಪಾಯಕ್ಕೆ ಕೈ ಹಾಕುತ್ತಾನೆ. ತನ್ನ ತಮ್ಮನನ್ನಾದರೆ ಇಳಿಸುತ್ತಿದ್ದನೇ ಎಂದು ಒಂದು ಸಲ ಕೇಳಿಕೊಂಡರೆ ಸಾಕು.

1976ರಲ್ಲಿ ಸಂವಿಧಾನಕ್ಕೆ ನಾಗರಿಕರ ಮೂಲಭೂತ ಕರ್ತವ್ಯಗಳನ್ನು ಸೇರಿಸಲಾಯಿತು. ಆಗ ಹತ್ತು ಇದ್ದುವು. 2002ರಲ್ಲಿ ಮಕ್ಕಳ ಶಿಕ್ಷಣವನ್ನು ಕುರಿತ ಹನ್ನೊಂದನೆಯದು ಸೇರಿತು. ಸಹೋದರಭಾವವನ್ನು ಬೆಳೆಸುವುದು ಅವುಗಳಲ್ಲಿ ಒಂದು. ಆದರೆ ಇವುಗಳಿಗೆ ಹಕ್ಕುಗಳಂತೆ ನ್ಯಾಯಾಲಯದ ನೇರವಾದ ಬಲವಿಲ್ಲ. ಇರುವುದು ಸಾಧ್ಯವೂ ಅಲ್ಲ. ಅಣ್ಣನು ತಮ್ಮನನ್ನು ಪ್ರೀತಿಸಬೇಕೆಂದು ನ್ಯಾಯಾಲಯವು ಆಜ್ಞೆ ಮಾಡಲಾರದು. ಅಣ್ಣನು ತಮ್ಮನ ಪಾಲನ್ನು ಕಸಿಯದಂತೆ ಮಾತ್ರ ತಡೆಯಬಲ್ಲದು. ಉಳಿದುದು ಧರ್ಮದ ಕ್ಷೇತ್ರ, ಅಂದರೆ ನಮ್ಮ ಕ್ಷೇತ್ರ.

ಇನ್ನೊಂದು ಪ್ರಶ್ನೆಯೂ ಉಳಿಯುತ್ತದೆ. ಪೌರತ್ವಕ್ಕೆ ಎಲ್ಲೆಯಿದೆ, 1955ರ ಪೌರತ್ವ ಶಾಸನವು ಯಾರು ಈ ದೇಶದವರು, ಯಾರು ಅಲ್ಲ ಎಂಬುದನ್ನು ನಿರ್ಣಯಿಸಲು ನಿಯಮಗಳನ್ನು ಮಾಡಿದೆ. ರಾಜ್ಯಕ್ಕೆ ಅಂಥ ಎಲ್ಲೆ ಅವಶ್ಯಕ. ಆದರೆ ಪ್ರಜೆ ಎಂಬ ಪದದ ಮೂಲದಲ್ಲಿ ಎಲ್ಲೆಯಿಲ್ಲ. ಅಶೋಕನು ತನ್ನ ರಾಜ್ಯದವರು ಮಾತ್ರ ಎನ್ನಲಿಲ್ಲ, ಮನುಷ್ಯರೆಲ್ಲರೂ ಎಂದನು. ಮತದಾನದ ಹಕ್ಕು ಯಾರಿಗೆ ಎಂಬುದನ್ನು ಶಾಸನವು ಹೇಳಲಿ. ಬಾಗಿಲಿಗೆ ಬಂದವನಿಗೆ ಒಂದು ಲೋಟ ನೀರು ಕೊಡುವುದಕ್ಕೆ ಅವನ ಪೌರತ್ವದ ಪತ್ರವನ್ನು ಕೇಳುವ ಪದ್ಧತಿ ನಮ್ಮ ಮನೆಗಳಲ್ಲಿ ಎಂದೂ ಇರಲಿಲ್ಲ, ಮುಂದೆಯೂ ಬರದಿರಲಿ.

ಮರುವರ್ಷದ ಉತ್ಸವದ ರಾತ್ರಿ ಪ್ರಸಾದವಾದ ಬಳಿಕ ನಾವು ನಮ್ಮ ಎಲೆಯನ್ನು ಮಡಿಚಿ ತೊಟ್ಟಿಯವರೆಗೂ ನಡೆದೆವು. ಇದರಲ್ಲಿ ಹೇಳಿಕೊಳ್ಳುವಂಥದೇನೂ ಇಲ್ಲ. ತಡವಾಗಿ ಕಟ್ಟಿದ ಒಂದು ಸಣ್ಣ ಕಂತು ಅಷ್ಟೇ. ಹಿಂದಿನ ವರ್ಷ ಗುಡಿಸುತ್ತಿದ್ದ ಆ ತಾಯಿಯು ತೇರಿನ ಮುಂದೆ ಕೈಮುಗಿದು ನಿಂತಿದ್ದುದನ್ನು ಕಂಡೆವು. ಹತ್ತಿರ ಹೋಗಿ ಕ್ಷಮೆ ಕೇಳಬೇಕೆಂದು ಅನ್ನಿಸಿತು. ಜನರ ನಡುವೆ ಮಾತು ಹೊರಡಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ. ಹತ್ತು ಸಮಸ್ತರು ಎಂದು ಮುಂದಿನ ಆಮಂತ್ರಣಪತ್ರಿಕೆಯಲ್ಲಿ ಅಚ್ಚು ಹಾಕಿಸುವಾಗ ಆಕೆಯೂ ಆ ಎಣಿಕೆಯಲ್ಲಿದ್ದಾರೆಂಬ ನೆನಪು ನಮಗಿರಲಿ. ಸಕಲ ಪ್ರಜೆಗಳಿಗೂ ತಂದೆಯಾದ ಶ್ರೀಹರಿಯು ನಮಗೆಲ್ಲ ಸದ್ಬುದ್ಧಿಯನ್ನು ಕರುಣಿಸಲಿ ಎಂದು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.